ಯುವಕ ಮಂಡಳಿಗಳಿಗೆ ಸಮತೋಲನದ ಹಾಗೂ ಸುರಕ್ಷಿತ ಕಾರ್ಯಕ್ರಮಗಳ ಯೋಜನೆ
ದಾವಣಗೆರೆ–ಹರಿಹರ ಪ್ರದೇಶದ ಗ್ರಾಮೀಣ ಯುವಜನರಿಗಾಗಿ ಒಂದು ಪಾಠ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ನಮ್ಮ ಹಿರಿಯರ ಮಾತು. ಹೊಸ ಬೇಸಾಯ ಪದ್ಧತಿ, ಸಹಕಾರ ಮನೋಭಾವ, ಲೆಕ್ಕಾಚಾರದ ಶಿಸ್ತು ಇವೆಲ್ಲವನ್ನೂ ಎಳೆಯ ವಯಸ್ಸಿನಲ್ಲಿಯೇ ರೂಢಿಸಬೇಕು. ಇದಕ್ಕೆ ಹಳ್ಳಿಯ ಯುವಕ ಮಂಡಳಿ ಹಾಗೂ ಯುವತಿ ಮಂಡಳಿಗಳಿಗಿಂತ ಉತ್ತಮವಾದ ಪಾಠಶಾಲೆ ಇನ್ನೊಂದಿಲ್ಲ. ಆದರೆ ಅನೇಕ ಊರುಗಳಲ್ಲಿ ಮಂಡಳಿಗಳು ಗಣೇಶನ ಹಬ್ಬಕ್ಕೆ ಚಿಗುರಿ, ರಾಜ್ಯೋತ್ಸವಕ್ಕೆ ಹೂಬಿಟ್ಟು, ಸುಗ್ಗಿಯ ಹೊತ್ತಿಗೆ ಒಣಗಿಹೋಗುವುದನ್ನು ನಾವು ಕಾಣುತ್ತೇವೆ. ನಾಮಫಲಕ ಉಳಿಯುತ್ತದೆ, ಸದಸ್ಯರು ಉಳಿಯುವುದಿಲ್ಲ.

ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು, ಒಂದೇ ಬಗೆಯ ಕಾರ್ಯಕ್ರಮ. ಕೇವಲ ಆಟ, ಇಲ್ಲವೇ ಕೇವಲ ಭಾಷಣ, ಇಲ್ಲವೇ ಕೇವಲ ಶ್ರಮದಾನ. ಎರಡನೆಯದು ಇನ್ನೂ ಗಂಭೀರವಾದದ್ದು: ಮುಂದಾಲೋಚನೆ ಇಲ್ಲದೆ ನಡೆಸಿದ ಒಂದು ಕಾರ್ಯಕ್ರಮದಲ್ಲಿ ಒಬ್ಬ ಹುಡುಗ ನೀರುಪಾಲಾದರೆ ಅಥವಾ ಯಂತ್ರಕ್ಕೆ ಕೈಕೊಟ್ಟರೆ ಆ ಊರಿನಲ್ಲಿ ಮತ್ತೆ ಯಾವ ತಾಯಿತಂದೆಯೂ ಮಕ್ಕಳನ್ನು ಮಂಡಳಿಗೆ ಕಳುಹಿಸುವುದಿಲ್ಲ. ಆದುದರಿಂದ ಸಮತೋಲನ ಮತ್ತು ಸುರಕ್ಷತೆ ಎರಡು ಬೇರೆ ವಿಷಯಗಳಲ್ಲ. ಎರಡನ್ನೂ ಒಂದೇ ಹಾಳೆಯ ಮೇಲೆ, ಒಂದೇ ಸಭೆಯಲ್ಲಿ ಯೋಜಿಸಬೇಕು. ಅದು ಹೇಗೆ ಎಂಬುದೇ ಈ ಪಾಠದ ಉದ್ದೇಶ.

ಹಿನ್ನೆಲೆ

ಹಳ್ಳಿಯ ಮಕ್ಕಳಿಗೆ ಬೇಸಾಯದ ಮೂಲಕವೇ ಶಿಕ್ಷಣ ಕೊಡುವ ಪ್ರಯತ್ನ ಅಮೆರಿಕದ ಓಹಾಯೋ ರಾಜ್ಯದಲ್ಲಿ 1902ರಲ್ಲಿ ಆರಂಭವಾಯಿತು. ಎ. ಬಿ. ಗ್ರಹಾಂ ಎಂಬ ಶಾಲಾಧಿಕಾರಿ ಮಕ್ಕಳನ್ನು ಒಟ್ಟುಗೂಡಿಸಿ ಅವರಿಂದ ಮೆಕ್ಕೆಜೋಳ ಬೆಳೆಸಿದರು, ಮಣ್ಣು ಪರೀಕ್ಷೆ ಮಾಡಿಸಿದರು. ಇದೇ ಮುಂದೆ ನಾಲ್ಕು ‘ಎಚ್’ ಕ್ಲಬ್ಬು ಎಂದು ಹೆಸರಾಯಿತು. ತಲೆ, ಹೃದಯ, ಕೈ ಮತ್ತು ಆರೋಗ್ಯ ಈ ನಾಲ್ಕೂ ಒಟ್ಟಿಗೆ ಬೆಳೆಯಬೇಕೆಂಬುದು ಆ ಹೆಸರಿನ ಅರ್ಥ. ಸಮತೋಲನದ ಕಲ್ಪನೆ ಹೆಸರಿನಲ್ಲಿಯೇ ಅಡಗಿದೆ.

ನಮ್ಮ ದೇಶದಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಗ್ರಾಮಸೇವಕರ ಮೂಲಕ ಹಳ್ಳಿಗಳಲ್ಲಿ ಯುವಕ ಸಂಘಗಳು ಹುಟ್ಟಿಕೊಂಡವು. ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷವಾದ 1969ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ರಾಷ್ಟ್ರೀಯ ಸೇವಾ ಯೋಜನೆಯೂ, 1972ರಲ್ಲಿ ವಿದ್ಯಾರ್ಥಿಗಳಲ್ಲದ ಗ್ರಾಮೀಣ ಯುವಜನರಿಗಾಗಿ ನೆಹರು ಯುವ ಕೇಂದ್ರಗಳೂ ಆರಂಭವಾದವು. ಸೇವಾ ಯೋಜನೆಯ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ದುಡಿಯಬೇಕು. ಇದರ ಜೊತೆಗೆ ಹಳ್ಳಿಯೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರವೂ ಉಂಟು. ದಾವಣಗೆರೆ ನಗರ ಕಾಲೇಜುಗಳ ಊರು. ಇಲ್ಲಿಂದ ಸುತ್ತಲ ಹಳ್ಳಿಗಳಿಗೆ ಶಿಬಿರಕ್ಕೆ ಬರುವ ವಿದ್ಯಾರ್ಥಿಗಳನ್ನು ಊರಿನ ಮಂಡಳಿಯವರು ಅತಿಥಿಗಳೆಂದು ದೂರ ನಿಲ್ಲಿಸದೆ ಜೊತೆಗಾರರೆಂದು ಬಳಸಿಕೊಳ್ಳಬೇಕು.

ಕೊಂಡಜ್ಜಿ ತೋರಿಸುವ ದಾರಿ

ಈ ವಿಷಯದಲ್ಲಿ ಮಾದರಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ, ಕೆರೆ ಮತ್ತು ಗುಡ್ಡದ ಕಾಡಿನ ಮಗ್ಗುಲಲ್ಲಿ, ಸ್ಕೌಟ್ ಮತ್ತು ಗೈಡ್ ತರಬೇತಿ ಕೇಂದ್ರವಿದೆ. ಈ ಊರಿನವರೇ ಆದ ಕೊಂಡಜ್ಜಿ ಬಸಪ್ಪನವರು ರಾಜ್ಯದ ಸ್ಕೌಟ್ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾಗಿದ್ದರು. ಬೆಂಗಳೂರಿನಲ್ಲಿರುವ ಸಂಸ್ಥೆಯ ರಾಜ್ಯ ಕಛೇರಿಯ ಸಭಾಂಗಣಕ್ಕೆ ಅವರದೇ ಹೆಸರಿದೆ.

1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರೊಡನೆ ನಡೆಸಿದ ಶಿಬಿರದಿಂದ ಬೆಳೆದು ಬಂದ ಸ್ಕೌಟ್ ಪದ್ಧತಿಯಲ್ಲಿ ರೈತ ಯುವಕರು ಕಲಿಯಬೇಕಾದ ಮೂರು ಅಂಶಗಳಿವೆ.

1. ಚಿಕ್ಕ ತಂಡ: ಆರರಿಂದ ಎಂಟು ಮಂದಿಗೆ ಒಂದು ದಳ. ಅದಕ್ಕೆ ಅವರಲ್ಲೇ ಒಬ್ಬ ನಾಯಕ. ನಲವತ್ತು ಮಂದಿಯ ಗುಂಪಿನಲ್ಲಿ ಒಬ್ಬ ಕಾಣೆಯಾದರೆ ಗೊತ್ತಾಗುವುದು ತಡ. ಆರು ಮಂದಿಯಲ್ಲಿ ಒಬ್ಬ ಇಲ್ಲದಿದ್ದರೆ ಆ ಕೂಡಲೇ ತಿಳಿಯುತ್ತದೆ.

2. ದಿನದ ಹಂಚಿಕೆ: ಬೆಳಗಿನ ವ್ಯಾಯಾಮ, ಧ್ವಜವಂದನೆ, ಕೈಕಸುಬಿನ ಕಲಿಕೆ, ಊಟ, ವಿಶ್ರಾಂತಿ, ಸಂಜೆಯ ಆಟ, ರಾತ್ರಿ ಬೆಂಕಿಯ ಸುತ್ತ ಹಾಡು. ಕಠಿಣವಾದ ಕೆಲಸದ ಹಿಂದೆ ಹಗುರವಾದದ್ದು, ಕೂತು ಕಲಿಯುವುದರ ಹಿಂದೆ ಓಡಾಡುವುದು, ಹೀಗೆ ಒಂದಕ್ಕೊಂದು ಹೊಂದಿಸಿರುತ್ತಾರೆ.

3. ಮೆಟ್ಟಿಲು ಮೆಟ್ಟಿಲಾದ ಕಲಿಕೆ: ಗಂಟು ಹಾಕಲು ಬಾರದವನಿಗೆ ಹಗ್ಗದ ಸೇತುವೆ ಕಟ್ಟಲು ಬಿಡುವುದಿಲ್ಲ. ಒಂದನ್ನು ಮಾಡಿ ತೋರಿಸಿದವನಿಗೆ ಮಾತ್ರ ಮುಂದಿನದು.

ಸಮತೋಲನ ಎಂದರೇನು?

ಭತ್ತಕ್ಕೆ ಬರೀ ಯೂರಿಯಾ ಸುರಿದರೆ ಪೈರು ಕಣ್ಣಿಗೆ ಹಸಿರಾಗಿ ಕಾಣುತ್ತದೆ, ಆದರೆ ರೋಗಕ್ಕೆ ತುತ್ತಾಗಿ ನೆಲಕ್ಕೆ ಒರಗುತ್ತದೆ. ಸಾರಜನಕದೊಡನೆ ರಂಜಕ, ಪೊಟ್ಯಾಷ್ ಹಾಗೂ ಕೊಟ್ಟಿಗೆ ಗೊಬ್ಬರ ಸೇರಿದರೆ ಮಾತ್ರ ಕಾಳು ಗಟ್ಟಿ. ಮಂಡಳಿಯ ಕಾರ್ಯಕ್ರಮವೂ ಹೀಗೆಯೇ. ಅದರಲ್ಲಿ ಈ ಐದು ಅಂಶಗಳು ಇರಬೇಕು.

ಕಲಿಕೆ: ಬೇಸಾಯ, ಪಶುಪಾಲನೆ, ಆರೋಗ್ಯ, ಲೆಕ್ಕಪತ್ರ ಮುಂತಾದ ವಿಷಯಗಳಲ್ಲಿ ಕೈಯಾರೆ ಮಾಡಿ ಕಲಿಯುವ ಪಾಠಗಳು.
ದುಡಿಮೆ: ಮಂಡಳಿಗೆ ನಾಲ್ಕು ಕಾಸು ತರುವ ತರಕಾರಿ ಸಸಿಮಡಿ, ಎರೆಗೊಬ್ಬರದಂತಹ ಕೆಲಸ.
ಸೇವೆ: ಕಾಲುವೆ, ಶಾಲೆ, ಕೆರೆ ಏರಿಗೆ ಸಂಬಂಧಿಸಿದ ಶ್ರಮದಾನ.
ಆಟ: ಕಬಡ್ಡಿ, ಖೋಖೋ, ಲಗೋರಿ, ವಾಲಿಬಾಲ್, ಗರಡಿ ಸಾಧನೆ.
ಸಂಸ್ಕೃತಿ ಮತ್ತು ವಿರಾಮ: ಭಜನೆ, ಕೋಲಾಟ, ಡೊಳ್ಳು, ನಾಟಕ, ಓದು, ಜೊತೆಗೂಡಿ ಊಟ.

ವಿಷಯಗಳಲ್ಲಿ ಸಮತೋಲನವಿದ್ದರಷ್ಟೇ ಸಾಲದು, ಜನರಲ್ಲಿಯೂ ಇರಬೇಕು. ಭೂಮಿ ಇದ್ದವರ ಮಕ್ಕಳಿಗೆ ನಾಯಕತ್ವ, ಕೂಲಿಕಾರರ ಮಕ್ಕಳಿಗೆ ಗುದ್ದಲಿ ಎಂದಾದರೆ ಅದು ಮಂಡಳಿಯಲ್ಲ. ಊರಿನ ಎಲ್ಲ ಕೇರಿಗಳ ಹುಡುಗರು ಪ್ರತಿ ತಂಡದಲ್ಲಿಯೂ ಸೇರಿರಬೇಕು. ಒಂದೇ ಬಿಂದಿಗೆಯ ನೀರು, ಒಂದೇ ಸಾಲಿನ ಊಟ ಇರಬೇಕು. ಹೆಣ್ಣುಮಕ್ಕಳಿಗೆ ರಂಗೋಲಿ ಸ್ಪರ್ಧೆ ಮಾತ್ರ ಮೀಸಲಿಟ್ಟು ಮಣ್ಣು ಪರೀಕ್ಷೆಯನ್ನು ಗಂಡುಮಕ್ಕಳಿಗೆ ಬಿಡಬಾರದು. ನಾಟಿ, ಕಳೆ, ಬೀಜ ಸಂಗ್ರಹ ಇವುಗಳಲ್ಲಿ ಹೆಚ್ಚಿನ ಕೆಲಸ ಮಾಡುವವರು ಹೆಂಗಸರೇ ಆಗಿರುವಾಗ ಕೃಷಿಯ ಕಲಿಕೆಯಲ್ಲಿ ಯುವತಿಯರು ಮುಂದಿನ ಸಾಲಿನಲ್ಲಿರಬೇಕು.

ವಯಸ್ಸನ್ನೂ ಗಮನಿಸಬೇಕು. 14ರಿಂದ 17 ವರ್ಷದವರು ಒಂದು ಗುಂಪು, 18 ದಾಟಿದವರು ಇನ್ನೊಂದು. ಕಲಿಕೆ, ಹಾಡು, ಊಟ ಒಟ್ಟಿಗೆ ಇರಲಿ. ಯಂತ್ರ, ವಿದ್ಯುತ್ತು, ವಿಷ ಇವುಗಳ ಹತ್ತಿರದ ಕೆಲಸ ಎರಡನೆಯ ಗುಂಪಿಗೆ ಮಾತ್ರ, ಅದೂ ತರಬೇತಿಯ ನಂತರ. 18 ವರ್ಷದೊಳಗಿನವರನ್ನು ಅಪಾಯಕರ ಕೆಲಸಕ್ಕೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು ನಿಷೇಧಿಸಿದೆ ಎಂಬುದನ್ನು ನೆನಪಿಡಬೇಕು.

ಎರಡು ಪಂಚಾಂಗಗಳು

ಯೋಜನೆಗೆ ಕೂರುವ ಮುನ್ನ ಎರಡು ಪಂಚಾಂಗಗಳನ್ನು ಎದುರಿಗಿಟ್ಟುಕೊಳ್ಳಬೇಕು. ಒಂದು ಬೆಳೆಯದು, ಇನ್ನೊಂದು ಶಾಲೆಯದು.

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಬಹುಭಾಗಕ್ಕೆ ಲಕ್ಕವಳ್ಳಿಯ ಭದ್ರಾ ಜಲಾಶಯದ ಬಲದಂಡೆ ನಾಲೆಯಿಂದ ನೀರು ಬರುತ್ತದೆ. ಮಳೆಗಾಲದ ಭತ್ತದ ಸಸಿಮಡಿ ಜೂನ್–ಜುಲೈ, ನಾಟಿ ಜುಲೈ–ಆಗಸ್ಟ್, ಕಟಾವು ನವೆಂಬರ್–ಡಿಸೆಂಬರ್. ಬೇಸಿಗೆ ಬೆಳೆಗೆ ಜನವರಿ–ಫೆಬ್ರವರಿಯಲ್ಲಿ ನಾಟಿ, ಏಪ್ರಿಲ್–ಮೇಯಲ್ಲಿ ಕಟಾವು. ಮಳೆ ಆಶ್ರಯದ ಮೆಕ್ಕೆಜೋಳದ ಬಿತ್ತನೆ ಮೇ ಕೊನೆಯಿಂದ ಜೂನ್‌ವರೆಗೆ, ಮುರಿಯುವುದು ಅಕ್ಟೋಬರ್–ನವೆಂಬರ್. ಮಲೇಬೆನ್ನೂರು ಕಡೆಯ ನಾಲೆಯ ಕೊನೆಭಾಗದ ಊರುಗಳಿಗೆ ನೀರು ತಡವಾಗಿ ತಲುಪುವುದರಿಂದ ಅಲ್ಲಿನ ಮಂಡಳಿಗಳು ತಮ್ಮ ಊರಿನ ಲೆಕ್ಕದಂತೆ ದಿನಗಳನ್ನು ಮುಂದಕ್ಕೆ ಹಾಕಿಕೊಳ್ಳಬೇಕು.

ಶಾಲಾ ಪಂಚಾಂಗದಲ್ಲಿ ಮಾರ್ಚ್–ಏಪ್ರಿಲ್ ಪರೀಕ್ಷೆಯ ಕಾಲ. ಅಕ್ಟೋಬರಿನಲ್ಲಿ ದಸರಾ ರಜೆ, ಏಪ್ರಿಲ್–ಮೇಯಲ್ಲಿ ಬೇಸಿಗೆ ರಜೆ.

ಈ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಮೂರು ಬಗೆಯ ದಿನಗಳು ತೋರುತ್ತವೆ: ಇಬ್ಬರಿಗೂ ಬಿಡುವಿರುವ ದಿನ, ಮನೆಗೆ ಕೈ ಬೇಕಾದ ದಿನ, ಮಕ್ಕಳಿಗೆ ಓದು ಬೇಕಾದ ದಿನ. ದೊಡ್ಡ ಕಾರ್ಯಕ್ರಮಗಳನ್ನು ಮೊದಲನೆಯ ಬಗೆಯ ದಿನಗಳಲ್ಲಿ ಮಾತ್ರ ಇಡಬೇಕು. ನಾಟಿಯ ವಾರದಲ್ಲಿ ಕಬಡ್ಡಿ ಪಂದ್ಯ ಏರ್ಪಡಿಸಿದರೆ ಹಗಲೆಲ್ಲ ಕೆಸರಿನಲ್ಲಿ ದುಡಿದ ಹುಡುಗ ಸಂಜೆ ದಣಿದ ಮೈಯಲ್ಲಿ ಆಡಿ ಬೀಳುತ್ತಾನೆ. ದಣಿವು ಅಪಾಯದ ಅಣ್ಣ. ಸಮತೋಲನ ತಪ್ಪಿದಲ್ಲಿ ಸುರಕ್ಷತೆಯೂ ತಪ್ಪುವುದು ಹೀಗೆ.

ಊರಿನ ಅಪಾಯಗಳ ನಕ್ಷೆ

ವರ್ಷದ ಮೊದಲ ಸಭೆಯಲ್ಲಿ ಊರಿನ ನಕ್ಷೆಯೊಂದನ್ನು ನೆಲದ ಮೇಲೆ ರಂಗೋಲಿಯಿಂದಾಗಲಿ, ಹಾಳೆಯ ಮೇಲಾಗಲಿ ಬರೆದು, ಅಪಾಯವಿರುವ ಜಾಗಗಳಿಗೆ ಕೆಂಪು ಗುರುತು ಹಾಕಬೇಕು. ನಮ್ಮ ಪ್ರದೇಶದಲ್ಲಿ ಮುಖ್ಯವಾದ ಅಪಾಯಗಳು ಇವು.

1. ನೀರು: ನಮ್ಮ ಕಡೆ ಜನ ಚಾನಲ್ ಎಂದೇ ಕರೆಯುವ ಭದ್ರಾ ನಾಲೆ ನೋಡಲು ಶಾಂತವಾಗಿದ್ದರೂ ಕೆರೆಗಿಂತ ಹೆಚ್ಚು ಅಪಾಯಕರ. ಗಾರೆಯ ಇಳಿಜಾರು ದಡದ ಮೇಲೆ ಪಾಚಿ ಕಟ್ಟಿರುತ್ತದೆ. ಈಜು ಬಲ್ಲವನಿಗೂ ಕಾಲು ಊರಿ ಮೇಲೇರಲು ಆಗುವುದಿಲ್ಲ. ತೂಬುಗಳ ಬಳಿ ಸೆಳೆತ ಜಾಸ್ತಿ. ಹರಿಹರದ ಬಳಿ ತುಂಗಭದ್ರೆಯಲ್ಲಿ ಮರಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ದೇವರಬೆಳಕೆರೆ ಪಿಕಪ್‌ನಂತಹ ಜಾಗಗಳಿಗೆ ಹೋದಾಗ ಫೋಟೋ ತೆಗೆಸಿಕೊಳ್ಳಲು ಅಂಚಿಗೆ ಹೋಗುವುದನ್ನು ತಡೆಯಬೇಕು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಮೂಲಕ ಹೆಚ್ಚಿದ ಕೃಷಿ ಹೊಂಡಗಳಲ್ಲಿ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಪ್ರತಿ ಹೊಂಡಕ್ಕೆ ಬೇಲಿ ಹಾಗೂ ಗಂಟು ಹಾಕಿದ ಹಗ್ಗವೊಂದನ್ನು ಗಟ್ಟಿ ಗೂಟಕ್ಕೆ ಕಟ್ಟಿ ಒಳಕ್ಕೆ ಇಳಿಬಿಡುವ ಕೆಲಸವನ್ನು ಮಂಡಳಿಯೇ ಸೇವಾ ಕಾರ್ಯವಾಗಿ ಕೈಗೊಳ್ಳಬಹುದು.

ಮಂಡಳಿಯ ನಿಯಮ ಸ್ಪಷ್ಟವಾಗಿರಲಿ: ಹರಿಯುವ ನಾಲೆ, ಹೊಳೆ, ಹೊಂಡ ಇವುಗಳಲ್ಲಿ ಈಜು ಇಲ್ಲ. ಈಜನ್ನು ತರಬೇತುದಾರರಿರುವ ಈಜುಕೊಳದಲ್ಲಿ ಕಲಿಯಬೇಕು. ಯಾರಾದರೂ ನೀರಿಗೆ ಬಿದ್ದರೆ ಮೊದಲು ಕೂಗು, ನಂತರ ಕೋಲು ಚಾಚು, ಆಮೇಲೆ ಹಗ್ಗ ಅಥವಾ ಮುಚ್ಚಳ ಹಾಕಿದ ಖಾಲಿ ಕ್ಯಾನು ಎಸೆ. ಸೀರೆ, ಪಂಚೆಗಳನ್ನು ಗಂಟು ಹಾಕಿಯೂ ಎಸೆಯಬಹುದು. ಒಬ್ಬನನ್ನು ಉಳಿಸಲು ಇನ್ನೊಬ್ಬ ಹಾರಿ ಇಬ್ಬರೂ ಮುಳುಗುವುದೇ ಹೆಚ್ಚು. ಮೇಲೆತ್ತಿದವರ ಉಸಿರು ನಿಂತಿದ್ದರೆ ತರಬೇತಿ ಪಡೆದವರು ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಆರಂಭಿಸಬೇಕು. ಹೊಟ್ಟೆ ಒತ್ತಿ ನೀರು ತೆಗೆಯುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು ಸಲ್ಲದು. ಅದರಿಂದ ಬೆಲೆಯುಳ್ಳ ನಿಮಿಷಗಳು ವ್ಯರ್ಥವಾಗುತ್ತವೆ.

2. ಯಂತ್ರ ಮತ್ತು ವಿದ್ಯುತ್ತು: ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಆಸನ, ಅದು ಚಾಲಕನದು. ಮಡ್‌ಗಾರ್ಡಿನ ಮೇಲೆ ಕೂರುವುದು, ಸದಸ್ಯರನ್ನು ಟ್ರೇಲರಿನಲ್ಲಿ ತುಂಬಿ ಪಂದ್ಯಕ್ಕೆ ಕರೆದೊಯ್ಯುವುದು ನಿಲ್ಲಬೇಕು. ಮೆಕ್ಕೆಜೋಳ ಬಿಡಿಸುವ ಯಂತ್ರದ ಬಳಿ ಪಂಚೆ, ದುಪ್ಪಟ್ಟ, ಸಡಿಲ ತೋಳಿನ ಅಂಗಿ ತೊಟ್ಟವರು ಹೋಗಕೂಡದು. ಪಂಪ್‌ಸೆಟ್ಟಿನ ಪೆಟ್ಟಿಗೆಯನ್ನು ಒದ್ದೆ ಕೈಯಲ್ಲಿ ಮುಟ್ಟಬಾರದು; ವಿದ್ಯುತ್ತು ತಗುಲಿದವರನ್ನು ಎಳೆಯುವ ಮೊದಲು ಮುಖ್ಯ ಸ್ವಿಚ್ಚು ಆರಿಸಬೇಕು.

3. ಪೀಡೆನಾಶಕಗಳು: ಡಬ್ಬಿಯ ಮೇಲಿನ ತ್ರಿಕೋನವನ್ನು ಓದಲು ಪ್ರತಿಯೊಬ್ಬ ಸದಸ್ಯನಿಗೂ ಕಲಿಸಬೇಕು. ಕೆಂಪು ಅತಿ ಹೆಚ್ಚು ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಅದಕ್ಕಿಂತ ಕಡಿಮೆ. ಹಸಿರು ಎಂದರೆ ನಿರಪಾಯ ಎಂದಲ್ಲ. 18 ವರ್ಷದೊಳಗಿನವರು ಸಿಂಪರಣೆ ಮಾಡಕೂಡದು, ಔಷಧಿ ಬೆರೆಸಕೂಡದು, ಖಾಲಿ ಡಬ್ಬಿ ತೊಳೆಯಕೂಡದು.

ಹಾಗಾದರೆ ಸಸ್ಯ ಸಂರಕ್ಷಣೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಬರಬಹುದು. ಇದಕ್ಕೆ ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಒಳ್ಳೆಯ ಉದಾಹರಣೆ. ಈ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಸದಸ್ಯರು ಹೊಲದಲ್ಲಿ ಅಂಕುಡೊಂಕಾಗಿ ನಡೆದು 5 ಕಡೆ, ಪ್ರತಿ ಕಡೆ 20 ಗಿಡಗಳಂತೆ 100 ಗಿಡಗಳ ಸುಳಿಯನ್ನು ನೋಡಬೇಕು. ಎಷ್ಟು ಗಿಡಗಳಲ್ಲಿ ಹಾನಿ ಇದೆಯೋ ಅಷ್ಟು ಶೇಕಡಾ ಬಾಧೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರದಂತಹ ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಚುಕ್ಕೆ ಇದ್ದರೆ ಅದೇ ಹುಳು. ಎಲೆಯ ಮೇಲಿನ ಮೊಟ್ಟೆಯ ಗುಂಪುಗಳನ್ನು ಕೈಯಿಂದ ಆರಿಸಿ ನಾಶಪಡಿಸಬಹುದು. ಹದಿನಾಲ್ಕರ ಹುಡುಗಿಯೂ ಇದನ್ನು ಮಾಡಬಲ್ಲಳು. ವಿಷದ ಡಬ್ಬಿ ಮುಟ್ಟದೆಯೇ ಸಸ್ಯ ಸಂರಕ್ಷಣೆಯ ಮೂಲ ಪಾಠ ಕಲಿತಂತಾಯಿತು. ಹೊಲಕ್ಕೆ ಇತ್ತೀಚೆಗೆ ಸಿಂಪರಣೆ ಆಗಿಲ್ಲವೆಂದು ಮಾಲೀಕರಿಂದ ತಿಳಿದುಕೊಂಡೇ ಒಳಗೆ ಇಳಿಯಬೇಕು.

4. ಹಾವು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ಹೆಚ್ಚು ಪ್ರಾಣಹಾನಿ ಮಾಡುವ ಹಾವುಗಳು. ಶ್ರಮದಾನದಲ್ಲಿ ಕಸದ ರಾಶಿ, ಕಲ್ಲುಗುಡ್ಡೆಗೆ ನೇರವಾಗಿ ಕೈಹಾಕದೆ ಕೋಲಿನಿಂದ ಅಲುಗಿಸಬೇಕು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡಬಾರದು. ಉಂಗುರ, ಬಳೆ ತೆಗೆದು, ಮುರಿದ ಮೂಳೆಗೆ ಪಟ್ಟಿ ಕಟ್ಟುವಂತೆ ಆ ಅಂಗ ಅಲುಗಾಡದಂತೆ ಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕಾಗಿದೆ.

5. ಬಿಸಿಲು ಮತ್ತು ಸಿಡಿಲು: ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಬಯಲಿನ ಕಾರ್ಯಕ್ರಮ ಬೇಡ. ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವುದರೊಳಗೆ ಸದ್ದು ಕೇಳಿಸಿದರೆ ಆಟ ನಿಲ್ಲಿಸಿ ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಒಂಟಿಮರದ ಆಸರೆ ಸಲ್ಲದು.

6. ರಸ್ತೆ: ದಾವಣಗೆರೆ ಮತ್ತು ಹರಿಹರದ ಮಗ್ಗುಲಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸೈಕಲ್ ಜಾಥಾ, ಓಟದ ಸ್ಪರ್ಧೆ ಬೇಡ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಿಸುವುದು, ಕತ್ತಲಲ್ಲಿ ಅದರ ಸುತ್ತ ಕಲ್ಲಿಡುವುದು ಬೈಕಿನವರ ಪ್ರಾಣಕ್ಕೆ ಎರವಾಗುತ್ತದೆ. ಊರಿಗೊಂದು ಒಕ್ಕಣೆ ಕಣಕ್ಕಾಗಿ ಪಂಚಾಯಿತಿಯನ್ನು ಕೇಳುವುದು ಮಂಡಳಿಗೆ ತಕ್ಕ ಕೆಲಸ.

ಮಕ್ಕಳ ಮಾನ ಮತ್ತು ನಂಬಿಕೆ

ಸುರಕ್ಷತೆ ಎಂದರೆ ಕೈಕಾಲಿನದು ಮಾತ್ರವಲ್ಲ. ಊರ ಹೊರಗಿನ ಪ್ರತಿ ಕಾರ್ಯಕ್ರಮಕ್ಕೂ ತಾಯಿತಂದೆಯರ ಒಪ್ಪಿಗೆ ಬರಹದಲ್ಲಿರಬೇಕು. ಹೆಣ್ಣುಮಕ್ಕಳಿರುವ ಕಡೆ ಹೆಂಗಸರೊಬ್ಬರು ಜೊತೆಗಿರಲೇಬೇಕು. ಯಾವ ಹಿರಿಯರೂ ಒಬ್ಬ ಹುಡುಗ ಅಥವಾ ಹುಡುಗಿಯೊಡನೆ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭ ಬಾರದಂತೆ ನೋಡಿಕೊಳ್ಳಬೇಕು. ಶಿಬಿರದಲ್ಲಿ ಶೌಚಾಲಯ, ಮಲಗುವ ಜಾಗ ಬೇರೆ ಬೇರೆಯಾಗಿರಲಿ. ಕಿರಿಯರನ್ನು ಗೇಲಿ ಮಾಡುವುದು, ಶಿಕ್ಷೆಯೆಂದು ಬಿಸಿಲಲ್ಲಿ ನಿಲ್ಲಿಸುವುದು ಶಿಸ್ತಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯಲು 2012ರ ಕಾನೂನು ಇದೆ. ತಿಳಿದೂ ಮುಚ್ಚಿಡುವುದು ಅದರಂತೆ ಅಪರಾಧ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಂಡಳಿಯ ಗೋಡೆಯ ಮೇಲೆ ಬರೆಸಿಡಬೇಕು.

ಒಂದು ಮಾದರಿ ಯೋಜನೆ

24 ಸದಸ್ಯರಿರುವ ಒಂದು ಮಂಡಳಿಯನ್ನು ಊಹಿಸಿಕೊಳ್ಳೋಣ. ಆರು ಮಂದಿಯ ನಾಲ್ಕು ತಂಡ. ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ಕಾರ್ಯಕ್ರಮ. ಇವುಗಳಲ್ಲಿ ಕಲಿಕೆ 8, ಆಟ 5, ಸೇವೆ 4, ಸಂಸ್ಕೃತಿ 3, ದುಡಿಮೆ 2, ಯೋಜನೆ ಮತ್ತು ವಿಮರ್ಶೆ 2.

ಜೂನ್: ಯೋಜನಾ ಸಭೆ ಹಾಗೂ ಅಪಾಯಗಳ ನಕ್ಷೆ, ಭತ್ತದ ಬೀಜದ ಮೊಳಕೆ ಪರೀಕ್ಷೆ. ಒದ್ದೆ ಗೋಣಿಯಲ್ಲಿ 100 ಬೀಜವಿಟ್ಟು ಎಣಿಸಬೇಕು. ಪ್ರಮಾಣಿತ ಭತ್ತದ ಬೀಜದಲ್ಲಿ ಕನಿಷ್ಠ 80 ಮೊಳೆಯಬೇಕು.
ಜುಲೈ: ಸೈನಿಕ ಹುಳುವಿನ ಸಮೀಕ್ಷೆ, ನೆಲದ ಮೇಲೆಯೇ ಹಗ್ಗ ಎಸೆದು ರಕ್ಷಿಸುವ ಅಭ್ಯಾಸ.
ಆಗಸ್ಟ್: ಸ್ವಾತಂತ್ರ್ಯ ದಿನದಂದು ಸಸಿ ನೆಡುವುದು, ಮಳೆಯ ಸಂಜೆಯಲ್ಲಿ ಒಳಾಂಗಣ ಹಾಡು, ಕಥೆ.
ಸೆಪ್ಟೆಂಬರ್: ಆರೋಗ್ಯ ಕೇಂದ್ರದವರಿಂದ ಪ್ರಥಮ ಚಿಕಿತ್ಸೆ, ಖೋಖೋ.
ಅಕ್ಟೋಬರ್: ದಸರಾ ರಜೆಯಲ್ಲಿ ಮೂರು ದಿನದ ಸೇವಾ ಶಿಬಿರ, ಕಬಡ್ಡಿ.
ನವೆಂಬರ್: ರಾಜ್ಯೋತ್ಸವ, ಸುಗ್ಗಿಯಾದುದರಿಂದ ಸಂಜೆಯ ಹಗುರ ಆಟ ಮಾತ್ರ.
ಡಿಸೆಂಬರ್: ಕೊಯ್ಲಾದ ಗದ್ದೆಯಲ್ಲಿ ಮಣ್ಣಿನ ಮಾದರಿ ತೆಗೆಯುವುದು, ತರಕಾರಿ ಸಸಿಮಡಿ.
ಜನವರಿ: ಸಂಕ್ರಾಂತಿ ಕ್ರೀಡಾಕೂಟ; ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಭೇಟಿ.
ಫೆಬ್ರವರಿ: ಪರೀಕ್ಷೆಗೆ ಕೂರುವವರಿಗೆ ಕೂಡಿ ಓದುವ ವ್ಯವಸ್ಥೆ, ವಾಲಿಬಾಲ್.
ಮಾರ್ಚ್: ವಿದ್ಯಾರ್ಥಿಗಳಿಗೆ ಬಿಡುವು. 18 ದಾಟಿದವರಿಗೆ ಮಾತ್ರ ಯಂತ್ರ ಸುರಕ್ಷತೆಯ ಪಾಠ ಹಾಗೂ ಎರೆಗೊಬ್ಬರ ತಯಾರಿಕೆ.
ಏಪ್ರಿಲ್: ಶಾಲೆಯ ಆವರಣ ಹಾಗೂ ಕುಡಿಯುವ ನೀರಿನ ತೊಟ್ಟಿಯ ಸುತ್ತ ಸ್ವಚ್ಛತೆ, ಭಜನೆ, ನಾಟಕ.
ಮೇ: ಹೊಲಗಾಲುವೆಯ ಹೂಳೆತ್ತುವುದು, ವರ್ಷದ ವಿಮರ್ಶೆ.

ಕಾರ್ಯಕ್ರಮ ಪತ್ರ

ಪ್ರತಿ ಕಾರ್ಯಕ್ರಮಕ್ಕೂ ಒಂದೇ ಪುಟದ ಪತ್ರ ತಯಾರಿಸಬೇಕು. ಉದಾಹರಣೆಗೆ ಮೇ ತಿಂಗಳ ಹೂಳೆತ್ತುವ ಶ್ರಮದಾನ:

ಉದ್ದೇಶ: ಮಳೆಗಾಲಕ್ಕೆ ಮುನ್ನ ಹೊಲಗಾಲುವೆ ಶುದ್ಧಿ.
ಕಾಲ: ನಾಲೆಯಲ್ಲಿ ನೀರು ನಿಂತ ಮೇಲೆ. ಬೆಳಿಗ್ಗೆ 6-30ರಿಂದ 9-30. ಅರ್ಧ ಗಂಟೆ ಕೆಲಸಕ್ಕೆ ಹತ್ತು ನಿಮಿಷ ವಿಶ್ರಾಂತಿ.
ಮೇಲ್ವಿಚಾರಣೆ: ಪ್ರತಿ 8 ಮಂದಿಗೆ ಒಬ್ಬ ಹಿರಿಯರು. ಬಂದಾಗಲೂ ಹೋಗುವಾಗಲೂ ತಲೆ ಎಣಿಕೆ.
ಸಲಕರಣೆ: ಗುದ್ದಲಿ, ಸಲಿಕೆ, ಬುಟ್ಟಿ. ಕಾವು ಸಡಿಲವಾದವನ್ನು ಹಿಂದಿನ ಸಂಜೆಯೇ ಬೇರ್ಪಡಿಸಬೇಕು. ಅಗೆಯುವವರ ನಡುವೆ ಆರು ಅಡಿ ಅಂತರ. ಕಾಲಿಗೆ ಗಟ್ಟಿ ಚಪ್ಪಲಿ ಅಥವಾ ಬೂಟು.
ನೀರು, ತಿಂಡಿ: ತಲೆಗೆ ಎರಡು ಲೀಟರಿನಂತೆ 50 ಲೀಟರ್ ಕುಡಿಯುವ ನೀರು. ಮಂಡಕ್ಕಿ, ಬೆಲ್ಲ, ಬಾಳೆಹಣ್ಣು.
ಅಪಾಯ: ಒಡೆದ ಗಾಜು, ಹಾವು, ಬಿಸಿಲು, ನಾಲೆಗೆ ಇದ್ದಕ್ಕಿದ್ದಂತೆ ನೀರು ಬಿಡುವುದು. ನೀರಾವರಿ ಇಲಾಖೆಯ ಸಿಬ್ಬಂದಿಯಿಂದ ಹಿಂದಿನ ದಿನವೇ ವಿಚಾರಿಸತಕ್ಕದ್ದು.
ತುರ್ತು: 108 ಆಂಬುಲೆನ್ಸ್. ಒಂದು ವಾಹನ ಸಿದ್ಧ. ಹತ್ತಿರದ ಆರೋಗ್ಯ ಕೇಂದ್ರ, ಹರಿಹರದ ತಾಲ್ಲೂಕು ಆಸ್ಪತ್ರೆ ಅಥವಾ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ.
ಬದಲಿ: ಮಳೆ ಬಂದರೆ ಶಾಲೆಯಲ್ಲಿ ಗೊಬ್ಬರದ ಲೆಕ್ಕದ ಪಾಠ.
ನಿಲ್ಲಿಸುವವರು: ಸುರಕ್ಷಣಾ ಸದಸ್ಯ.

ಈ ಕೊನೆಯ ಸಾಲು ಬಹಳ ಮುಖ್ಯವಾದದ್ದು. ಪ್ರತಿ ಕಾರ್ಯಕ್ರಮಕ್ಕೂ ಒಬ್ಬರನ್ನು ಸುರಕ್ಷಣಾ ಸದಸ್ಯರೆಂದು ಹೆಸರಿಸಬೇಕು. ಅವರು ಅಧ್ಯಕ್ಷರಾಗಿರಬಾರದು, ಆಟದ ತಂಡದಲ್ಲಿಯೂ ಇರಬಾರದು. ಅವರು ಕೈ ಎತ್ತಿ ನಿಲ್ಲಿಸಿ ಎಂದರೆ ಅತಿಥಿಗಳು ಬಂದಿರಲಿ, ಪಂದ್ಯ ಅಂತಿಮ ಘಟ್ಟದಲ್ಲಿರಲಿ, ಕೆಲಸ ನಿಲ್ಲಬೇಕು. ಚರ್ಚೆ ಆಮೇಲೆ. ಕಿರಿಯ ವಯಸ್ಸಿನವರಿಗೂ ಸರದಿಯ ಮೇಲೆ ಈ ಜವಾಬ್ದಾರಿ ಕೊಟ್ಟರೆ ಎಲ್ಲರ ಕಣ್ಣೂ ಅಪಾಯ ಗುರುತಿಸಲು ಪಳಗುತ್ತದೆ.

ಲೆಕ್ಕ ಮತ್ತು ವಿಮರ್ಶೆ

ಪ್ರತಿ ಕಾರ್ಯಕ್ರಮದ ನಂತರ ಹತ್ತು ನಿಮಿಷ ಕುಳಿತು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು: ಎಷ್ಟು ಮಂದಿ ಬಂದರು? ಯಾರು ಬರಲಿಲ್ಲ, ಏಕೆ? ಖರ್ಚೆಷ್ಟು? ಸ್ವಲ್ಪದರಲ್ಲಿ ತಪ್ಪಿದ ಅಪಾಯ ಯಾವುದು? ಕೊನೆಯ ಪ್ರಶ್ನೆಯ ಉತ್ತರವನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಇಂದು ಜಾರಿದ ಕಾಲು ನಾಳಿನ ಮುರಿದ ಕಾಲಿನ ಮುನ್ಸೂಚನೆ. ಬರೆದವರನ್ನು ಬಯ್ಯಬಾರದು, ಬಯ್ದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಹಣದ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಬೇಕು.

ಯುವಕ ಮಿತ್ರರೇ, ಸುರಕ್ಷತೆ ಎಂದರೆ ಮಕ್ಕಳನ್ನು ಮನೆಯಲ್ಲಿ ಕೂರಿಸುವುದಲ್ಲ. ಹೊಲ, ನೀರು, ಯಂತ್ರ ಇವುಗಳ ನಡುವೆಯೇ ಬದುಕಬೇಕಾದ ರೈತನ ಮಗ, ಮಗಳಿಗೆ ಅವುಗಳೊಡನೆ ಎಚ್ಚರದಿಂದ ನಡೆಯುವುದನ್ನು ಕಲಿಸುವುದೇ ಸುರಕ್ಷತೆ. ಮಂಡಳಿಯಲ್ಲಿ ಹಗ್ಗ ಎಸೆಯಲು ಕಲಿತ ಹುಡುಗಿ ನಾಳೆ ನಾಲೆಯ ದಂಡೆಯಲ್ಲಿ ತನ್ನ ತಮ್ಮನನ್ನು ಉಳಿಸಬಲ್ಲಳು. ಬರುವ ಜೂನ್ ತಿಂಗಳ ಮೊದಲ ಭಾನುವಾರ ಸಭೆ ಸೇರಿ, ಎರಡು ಪಂಚಾಂಗ ಮತ್ತು ಊರಿನ ನಕ್ಷೆ ಎದುರಿಗಿಟ್ಟುಕೊಂಡು ಕೆಲಸ ಆರಂಭಿಸಿ. ಹೆಚ್ಚಿನ ಸಲಹೆಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಕಾರ್ಯಕ್ರಮದಲ್ಲಿರಬೇಕಾದ ಐದು ಅಂಶಗಳು ಯಾವುವು? ಕಳೆದ ವರ್ಷ ನಿಮ್ಮ ಮಂಡಳಿಯಲ್ಲಿ ಯಾವುದು ಕಡಿಮೆಯಾಗಿತ್ತು?
2. ನಿಮ್ಮ ಊರಿನ ಬೆಳೆ ಮತ್ತು ಶಾಲಾ ಪಂಚಾಂಗವನ್ನು ಬರೆದು, ಇಬ್ಬರಿಗೂ ಬಿಡುವಿರುವ ವಾರಗಳನ್ನು ಗುರುತಿಸಿ.
3. ನಾಲೆಗೆ ಬಿದ್ದವರನ್ನು ಉಳಿಸುವ ಕ್ರಮವನ್ನು ವಿವರಿಸಿ. ಏನನ್ನು ಮಾಡಬಾರದು?
4. 14ರಿಂದ 17 ವರ್ಷದವರಿಗೆ ವಿಷ ಮುಟ್ಟದೆ ಸಸ್ಯ ಸಂರಕ್ಷಣೆ ಕಲಿಸಲು ಒಂದು ಪಾಠ ಯೋಜಿಸಿ.
5. ನಿಮ್ಮ ಮುಂದಿನ ಕಾರ್ಯಕ್ರಮಕ್ಕೆ ಒಂದು ಪುಟದ ಕಾರ್ಯಕ್ರಮ ಪತ್ರ ಬರೆದು, ಸುರಕ್ಷಣಾ ಸದಸ್ಯರನ್ನು ಹೆಸರಿಸಿ.